ಶನಿವಾರದ ಮೀನುಸೇವೆ

ರಾಮಪ್ರಸಾದರ ಗ್ರಹಚಾರ ಕೆಟ್ಟದ್ದು ಒಂದು ಹಿಡಿ ಹತ್ತಿಯಿಂದ. ಶನಿವಾರ ಬೆಳಗ್ಗೆ ಬತ್ತಿ ಹೊಸೆಯೋಣವೆಂದು ಸೀತಮ್ಮ ದೇವರ ಮನೆಯ ಡಬ್ಬಿ ತೆಗೆದರೆ ಅದು ಖಾಲಿ. ಅಡುಗೆಮನೆಗೆ ಬಂದು ನೋಡಿದರೆ ಯಜಮಾನರು ಅಗಲವಾದ ತಟ್ಟೆಯಲ್ಲಿ ಹಿಟ್ಟು ನಾದುತ್ತ ನಿಂತಿದ್ದಾರೆ. ಹಿಟ್ಟಿನ ತುಂಬ ಹತ್ತಿಯ ಎಳೆ.

"ಅಲ್ರೀ, ಮೀನಿಗೆ ಹಾಕೋ ಹಿಟ್ಟಿಗೆ ಹತ್ತಿ ಯಾಕೆ?"

"ಉಂಡೆ ನೀರಿಗೆ ಬಿದ್ದ ತಕ್ಷಣ ಕರಗಬಾರ್ದು ಕಣೇ. ಕರಗಿದ್ರೆ ಫಲ ಇಲ್ಲ ಅಂತ ಜೋಯಿಸರು ಹೇಳಿದಾರೆ."

ಇದು ಅರ್ಧ ಸತ್ಯ. ಗಾಳಕ್ಕೆ ಮೆತ್ತಿದ ಹಿಟ್ಟು ಕರಗಿದರೆ ಫಲವಿಲ್ಲ ಎಂಬುದು ನಿಜವೇ. ಆದರೆ ಹಾಗೆಂದು ಹೇಳಿದ್ದು ಜೋಯಿಸರಲ್ಲ, ಯೂಟ್ಯೂಬು.

ರಾಮಪ್ರಸಾದರು ಬ್ಯಾಂಕಿನಿಂದ ನಿವೃತ್ತರಾದಾಗ ಡಾಕ್ಟರು, "ಬಿಪಿ ಇದೆ, ಏನಾದ್ರೂ ಹವ್ಯಾಸ ಇಟ್ಕೊಳ್ಳಿ" ಎಂದಿದ್ದರು. ಜಯನಗರದಲ್ಲಿ ಹಾಗೆ ಹೇಳಿಸಿಕೊಂಡವರು ಸಾಮಾನ್ಯವಾಗಿ ಲಾಫಿಂಗ್ ಕ್ಲಬ್ ಸೇರುತ್ತಾರೆ, ಇಲ್ಲವೇ ಸಂಗೀತಕ್ಕೆ ತಲೆದೂಗುವುದನ್ನು ಕಲಿಯುತ್ತಾರೆ. ಇವರ ಹಣೆಬರಹಕ್ಕೆ ಫೋನಿನಲ್ಲಿ ಗಾಳ ಹಾಕುವ ವೀಡಿಯೊ ಎದುರಾಯಿತು. ನೋಡಿದರು, ಮನಸೋತರು. ಈರುಳ್ಳಿ ಕೂಡ ಅಮಾವಾಸ್ಯೆ ಹುಣ್ಣಿಮೆ ನೋಡಿಕೊಂಡು ಒಳಗೆ ಬರುವ ಮನೆಯಲ್ಲಿ ಮೀನು ಹಿಡಿಯಲು ಹೋಗುತ್ತೇನೆಂದು ಹೇಳುವುದು ಹೇಗೆ? ಹಿಡಿದು, ಕಣ್ತುಂಬ ನೋಡಿ, ಮತ್ತೆ ನೀರಿಗೆ ಬಿಡುವುದಷ್ಟೇ ಎಂದು ವಾದಿಸಬಹುದಿತ್ತು. ತಿನ್ನದವನು ಹಿಡಿಯುವುದಾದರೂ ಏಕೆ ಎಂದು ಸೀತಮ್ಮ ಕೇಳಿದರೆ ಉತ್ತರವಿರಲಿಲ್ಲ. ಹಾಗಾಗಿ ಶನಿಮಹಾತ್ಮನನ್ನು ಅಡ್ಡ ತಂದರು. ಜಾತಕದಲ್ಲಿ ಶನಿ ವಕ್ರವಾಗಿದ್ದಾನೆ, ಶನಿವಾರ ಶನಿವಾರ ಮೀನಿಗೆ ಹಿಟ್ಟಿನ ಉಂಡೆ ಹಾಕಬೇಕು ಎಂದರು. ಸೀತಮ್ಮ ಭಕ್ತಿಯಿಂದ ತಾವೇ ಏಲಕ್ಕಿ ಕುಟ್ಟಿಕೊಟ್ಟರು.

ಅಂಗಡಿಯ ಗಾಳದ ಕೋಲು ಮನೆಗೆ ತಂದರೆ ಬಣ್ಣ ಬಯಲಾಗುತ್ತದೆ. ಆದ್ದರಿಂದ ಸರಂಜಾಮೆಲ್ಲ ಮನೆಯಲ್ಲೇ ತಯಾರಾಯಿತು. ಖಾಲಿ ಪೌಡರ್ ಡಬ್ಬಕ್ಕೆ ನೈಲಾನ್ ದಾರ ಸುತ್ತಿದರು. ತುದಿಗೆ ಭಾರವಾಗಿ ಹಳೇ ಕುಕ್ಕರಿನ ವೆಯ್ಟು, ಹಿಟ್ಟು ಮೆತ್ತಲು ಸೊಸೆ ಬಿಟ್ಟುಹೋಗಿದ್ದ ಕೂದಲು ಸುತ್ತುವ ಸುರುಳಿ, ಸೂಜಿ ಬಗ್ಗಿಸಿ ಅದಕ್ಕೆ ಸಿಕ್ಕಿಸಿದ ಕೊಕ್ಕೆ, ಮೀನು ಎಳೆದರೆ ತಿಳಿಯಲೆಂದು ಮೊಮ್ಮಗಳ ಕಾಲಿನ ಒಂದು ಗೆಜ್ಜೆ. ಗೊಟ್ಟಿಗೆರೆಯಾಚೆ ವೇಣು ಎಂಬಾತ ತನ್ನ ತೋಟದ ಕೊಳದಲ್ಲಿ ಮೀನು ಸಾಕಿ, ದುಡ್ಡು ಕೊಟ್ಟವರಿಗೆ ಗಾಳ ಹಾಕಲು ಬಿಡುತ್ತಿದ್ದ. ಅಲ್ಲೊಂದು ಮುದಿ ಕಾಟ್ಲಾ ಮೀನಿತ್ತು, ಒಳ್ಳೇ ಹಸುಗೂಸಿನಷ್ಟು ದಪ್ಪ. ಜೀವಮಾನದಲ್ಲಿ ಒಮ್ಮೆ ಅದನ್ನು ಎರಡು ಕೈಯಲ್ಲಿ ಎತ್ತಬೇಕು ಎಂಬುದೊಂದೇ ರಾಮಪ್ರಸಾದರಿಗೆ ಉಳಿದಿದ್ದ ಆಸೆ. ಯುಗಾದಿಯಿಂದ ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಕಾಟ್ಲಾ ಹಾಗಿರಲಿ, ಒಂದು ಕಪ್ಪೆಯೂ ಅವರ ಗಾಳವನ್ನು ಮೂಸಿರಲಿಲ್ಲ.

"ಹತ್ತಿ ಹೋದ್ರೆ ಹೋಗ್ಲಿ ಬಿಡಿ," ಎಂದರು ಸೀತಮ್ಮ. "ಇವತ್ತು ಇನ್ನೊಂದಿಷ್ಟು ಹಿಟ್ಟು ಕಲ್ಸಿ. ಬಿಲ್ಡಿಂಗ್‌ನೋರೆಲ್ಲ ನಿಮ್ಮ ಜೊತೆ ಬರ್ತಿದಾರೆ."

ರಾಮಪ್ರಸಾದರ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು. "ಎಲ್ರೂ ಅಂದ್ರೆ?"

"ನೀವು ಗೊಟ್ಟಿಗೆರೆ ಹತ್ರ ಮೀನಿಗೆ ಹಾಕೋ ವಿಷಯ ಗೌರೀಶಂಕರ ಅವರ ಕಿವಿಗೆ ಹಾಕ್ದೆ. ಅವ್ರೇ ಟಿಟಿ ವ್ಯಾನು ಬುಕ್ ಮಾಡಿದಾರೆ. ಎಂಥ ಪುಣ್ಯಾತ್ಮರು ನೋಡಿ!"

ಗೌರೀಶಂಕರರು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಅಧ್ಯಕ್ಷರು. ಲಿಫ್ಟಿನಲ್ಲಿ ಮೊಟ್ಟೆ ಒಯ್ಯಬಾರದೆಂದು ಸುತ್ತೋಲೆ ಹೊರಡಿಸಿದ ಮಹಾನುಭಾವರು. ಅವರ ಕೈಗೆ ಗುಟ್ಟು ಸಿಕ್ಕರೆ ಶನಿವಾರಗಳ ಕತೆ ಮುಗಿದಂತೆಯೇ. ರಾಮಪ್ರಸಾದರು ಬಚ್ಚಲಿಗೆ ಓಡಿ, ನಲ್ಲಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ವೇಣುವಿಗೆ ಫೋನು ಮಾಡಿದರು.

"ವೇಣು, ಗೇಟಿನ ಹತ್ರ ಗಾಳದ ರೇಟು ಬರೆದಿದೀಯಲ್ಲ, ಆ ಬೋರ್ಡು ತಿರುಗಿಸಿ ಇಡಪ್ಪಾ. ಮನೆಯೋರು ಬರ್ತಿದಾರೆ. ನನ್ನನ್ನ ನೋಡಿದ್ರೆ ಭಕ್ತರು ಅನ್ಬೇಕು, ಅಷ್ಟೆ."

"ಆಯ್ತು ಬಿಡಿ ಸಾರ್, ಕೈ ಮುಗೀತೀನಿ."

ಕೆಳಗಿಳಿದರೆ ಟಿಟಿ ಆಗಲೇ ತುಂಬಿತ್ತು. ಮುಂದಿನ ಸೀಟಿನಲ್ಲಿ ಬಿಳಿ ಪಂಚೆ, ಹಣೆತುಂಬ ವಿಭೂತಿಯ ಗೌರೀಶಂಕರರು. ಹಿಂದೆ ಲಲಿತಾ ಸಹಸ್ರನಾಮದ ಗುಂಪಿನ ಹೆಂಗಸರು, ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಹಿಟ್ಟಿನ ಡಬ್ಬಿ. ಎರಡನೇ ಮಹಡಿಯ ಸುರಭಿ ಎಂಬ ಹುಡುಗಿ ಫೋನು ಎತ್ತಿ ಹಿಡಿದು, "ಹಾಯ್ ಗೈಸ್, ಇವತ್ತು ನಾವು ಸಖತ್ ಡಿವೈನ್ ಆಗಿರೋ ಒಂದು ಜಾಗಕ್ಕೆ ಹೋಗ್ತಿದೀವಿ" ಎಂದು ಯಾರಿಗೋ ಹೇಳುತ್ತಿದ್ದಳು. ರಾಮಪ್ರಸಾದರು ಬಟ್ಟೆ ಚೀಲವನ್ನು ಎದೆಗೆ ಅವುಚಿಕೊಂಡು ಕೂತರು. ಪೌಡರ್ ಡಬ್ಬ ಅದರೊಳಗೇ ಇತ್ತು. ತೆಗೆದಿಡುವಷ್ಟು ಪುರುಸೊತ್ತಿರಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಿಜ ಹೇಳಬೇಕೆಂದರೆ ತೆಗೆದಿಡಲು ಮನಸ್ಸೇ ಬರಲಿಲ್ಲ.

ಬನ್ನೇರುಘಟ್ಟ ರಸ್ತೆಯ ಪ್ರತಿ ಗುಂಡಿಗೂ ಚೀಲದೊಳಗಿನ ಗೆಜ್ಜೆ ಝಲ್ಲೆನ್ನುತ್ತಿತ್ತು. "ಅಂಕಲ್, ಏನದು ಸೌಂಡು?" ಎಂದಳು ಸುರಭಿ.

"ಗಂಟೆ ಕಣಮ್ಮಾ. ಗಂಟೆ ಬಾರಿಸದೆ ನೈವೇದ್ಯ ಮಾಡೋ ಹಾಗಿಲ್ಲ."

ಹೆಂಗಸರೆಲ್ಲ ಹೌದೌದೆಂದು ತಲೆದೂಗಿದರು.

ವೇಣು ಮಾತಿನಂತೆ ಬೋರ್ಡು ತಿರುಗಿಸಿದ್ದ. ಆದರೆ ಅದರ ಬೆನ್ನಲ್ಲಿ ಏನಿದೆ ಎಂದು ನೋಡಿರಲಿಲ್ಲ. ಗೇಟಿನಲ್ಲಿ ಇಳಿದವರಿಗೆ ಕೆಂಪು ಅಕ್ಷರಗಳು ಸ್ವಾಗತ ಕೋರಿದವು: 'ಇಲ್ಲಿ ನಾಟಿ ಕೋಳಿ ಸಿಗುತ್ತದೆ, ಕುಯ್ದು ಕೊಡಲಾಗುವುದು.' ಸೀತಮ್ಮ ಮೂಗಿಗೆ ಸೆರಗು ಹಿಡಿದರು. ರಾಮಪ್ರಸಾದರು ವೇಣುವನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಗೌರೀಶಂಕರರೇ ಮುಂದೆ ಬಂದು, "ಅದು ಪಕ್ಕದ ತೋಟದ್ದು, ಹಳೇದು. ಈ ಕಡೆ ಬನ್ನಿ, ಬಲಕ್ಕೆ ತಿರುಗಿದ್ರೆ ಮೆಟ್ಟಿಲಿದೆ" ಎಂದು ಎಲ್ಲರನ್ನೂ ಕೊಳದ ಕಡೆಗೆ ಕರೆದೊಯ್ದರು. ವೇಣು ರಾಮಪ್ರಸಾದರನ್ನೊಮ್ಮೆ, ಗೌರೀಶಂಕರರನ್ನೊಮ್ಮೆ ನೋಡಿ, ಹೆಗಲ ಟವೆಲ್ಲಿನಲ್ಲಿ ಬಾಯಿ ಒರೆಸಿಕೊಂಡ.

ಉಂಡೆಗಳು ಆಲಿಕಲ್ಲಿನಂತೆ ನೀರಿಗೆ ಬಿದ್ದವು. ಕೊಳದ ಮೀನೆಲ್ಲ ಪುಕ್ಕಟೆ ಊಟಕ್ಕೆ ಬಂದ ನೆಂಟರ ಹಾಗೆ ದಡಕ್ಕೆ ನುಗ್ಗಿತು. ಆ ಗದ್ದಲದ ನಡುವೆ ನೀರು ಸೀಳಿ ಒಂದು ಕಪ್ಪು ಬೆನ್ನು ಎದ್ದಿತು. ಅದೇ ಕಾಟ್ಲಾ! ಇಷ್ಟು ಹತ್ತಿರ ಅದು ಎಂದೂ ಬಂದಿರಲಿಲ್ಲ. ರಾಮಪ್ರಸಾದರು ಸುತ್ತ ನೋಡಿದರು. ಎಲ್ಲರ ಕಣ್ಣೂ ನೀರಿನ ಮೇಲಿದೆ, ಇನ್ನು ನನ್ನನ್ನು ಯಾರು ನೋಡುತ್ತಾರೆ? ಬುದ್ಧಿ ಬೇಡ ಬೇಡ ಎನ್ನುತ್ತಿರುವಾಗಲೇ ಕೈ ಚೀಲದೊಳಗೆ ಹೋಗಿತ್ತು. ಬಿದಿರಿನ ಮರೆಗೆ ಸರಿದು, ಸುರುಳಿಗೆ ಹಿಟ್ಟು ಮೆತ್ತಿ, ದಾರ ಎಸೆದೇಬಿಟ್ಟರು.

ಉಸಿರು ಬಿಡುವಷ್ಟರಲ್ಲಿ ಗೆಜ್ಜೆ ಝಲ್ಲೆಂದಿತು. ಎರಡನೇ ಸಲ ಝಲ್ಲೆನ್ನುವಷ್ಟರಲ್ಲಿ ಪೌಡರ್ ಡಬ್ಬ ಕೈಯಿಂದ ಹಾರಿ ನೀರಿಗೆ ಬಿತ್ತು. ಅದರ ಹಿಂದೆಯೇ ರಾಮಪ್ರಸಾದರೂ ಬಿದ್ದರು. ಸೊಂಟದವರೆಗಿನ ನೀರಿನಲ್ಲಿ ದಾರ ಹಿಡಿದು ಎಳೆದರು, ಜಾರಿದರು, ಮುಳುಗಿದರು. ಕೊನೆಗೆ ಎದ್ದು ನಿಂತಾಗ ತಲೆಯ ಮೇಲೆ ಪಾಚಿ, ತೋಳಿನಲ್ಲಿ ಕಾಟ್ಲಾ!

ದಡದಲ್ಲಿದ್ದವರೆಲ್ಲ ಬಿದಿರಿನ ಕಡೆಗೆ ಓಡಿಬಂದರು.

"ರೀ!" ಎಂದರು ಸೀತಮ್ಮ. "ಏನ್ರೀ ಇದು? ಅದರ ಬಾಯಲ್ಲಿ ಏನದು?"

ಗಾಳ ಎಲ್ಲರಿಗೂ ಕಾಣುತ್ತಿತ್ತು. ಪಾಪ, ಮೀನಿಗಾದರೂ ನೋವು ಕಡಿಮೆಯಾಗಲಿ ಎಂದು ರಾಮಪ್ರಸಾದರು ಮೆಲ್ಲಗೆ ಗಾಳ ಬಿಡಿಸಿದರು. ಎರಡು ಕೈಯಲ್ಲಿ ಅದನ್ನೆತ್ತಿ ಕಣ್ತುಂಬ ನೋಡಿ ನೀರಿಗೆ ಬಿಟ್ಟರು. ಸಂತೋಷಕ್ಕೋ ಭಯಕ್ಕೋ ಕಣ್ಣಲ್ಲಿ ನೀರು ಬಂತು.

"ಓ ಮೈ ಗಾಡ್ ಗೈಸ್!" ಸುರಭಿ ಫೋನಿಗೆ ಕಿರುಚಿದಳು. "ಯಾರೋ ಪಾಪಿಗಳು ಹಾಕಿದ ಗಾಳಕ್ಕೆ ಸಿಕ್ಕ ಮೀನನ್ನ ನಮ್ಮ ಅಂಕಲ್ ಪ್ರಾಣ ಲೆಕ್ಕಿಸದೆ ನೀರಿಗೆ ಹಾರಿ ಉಳಿಸಿದ್ರು! ಅಳ್ತಿದಾರೆ ನೋಡಿ!"

ಸಹಸ್ರನಾಮದ ಗುಂಪು ಚಪ್ಪಾಳೆ ತಟ್ಟಿತು. ಗಂಟೆ ತಾನಾಗಿ ಬಾರಿಸಿದ್ದು ತಮಗೆ ಕೇಳಿಸಿತೆಂದು ಒಬ್ಬಾಕೆ ಕೆನ್ನೆ ಕೆನ್ನೆ ಬಡಿದುಕೊಂಡರು. ಸೀತಮ್ಮ ಸೆರಗಿನಿಂದ ಗಂಡನ ತಲೆಯ ಪಾಚಿ ಒರೆಸಿದರು. ನಾನೇ ಹಿಡಿದದ್ದು, ಯುಗಾದಿಯಿಂದ ಕಾದು ಹಿಡಿದದ್ದು ಎಂದು ಕೂಗಬೇಕೆನಿಸಿತು ರಾಮಪ್ರಸಾದರಿಗೆ. ಜೀವನದಲ್ಲಿ ಹಿಡಿದ ಮೊದಲ ಮೀನನ್ನು ನನ್ನದೆನ್ನುವ ಹಾಗೂ ಇರಲಿಲ್ಲ.

ಗೌರೀಶಂಕರರು ಗಂಟಲು ಸರಿಮಾಡಿಕೊಂಡರು. "ಇವತ್ತೇ, ಇಲ್ಲೇ, ನಮ್ಮ ಬಿಲ್ಡಿಂಗ್‌ನ ಮತ್ಸ್ಯ ಸಂರಕ್ಷಣಾ ಸಮಿತಿ ಶುರುವಾಗ್ಲಿ. ಅಧ್ಯಕ್ಷರು ನಮ್ಮ ರಾಮಪ್ರಸಾದ್ ಅವ್ರೇ. ಸಾರ್, ಕೈಯಲ್ಲಿ ನೀರು ಹಿಡ್ಕೊಂಡು ಹೇಳಿ. ದೇವರಾಣೆಗೂ ಜನ್ಮದಲ್ಲಿ ಗಾಳ ಮುಟ್ಟಲ್ಲ."

"ನಾನ್ಯಾಕೆ ಸಾರ್? ನಾನು ಉಳಿಸಿದೋನಲ್ವಾ?"

"ಅಧ್ಯಕ್ಷರೇ ಮೊದಲು ಆಣೆ ಮಾಡ್ಬೇಕು. ಅದು ಪದ್ಧತಿ."

ಫೋನು ಮುಖದ ಮುಂದಿತ್ತು, ಹೆಂಡತಿ ಪಕ್ಕದಲ್ಲಿದ್ದರು. ರಾಮಪ್ರಸಾದರು ಆಣೆ ಮಾಡಿದರು. ಶನಿವಾರಗಳು ಅಂಗೈಯಿಂದ ತೊಟ್ಟಿಕ್ಕಿ ಹೋದವು.

ಸಂಜೆ ಗೌರೀಶಂಕರರು ಫೋನು ಮಾಡಿ, ಒಬ್ಬರೇ ಬೇಸ್‌ಮೆಂಟಿಗೆ ಬರಬೇಕೆಂದರು. ಸಮಿತಿಯ ಬ್ಯಾನರಿನ ವಿಷಯವಿರಬೇಕೆಂದು ರಾಮಪ್ರಸಾದರು ಕೆಳಗಿಳಿದರು. ಗೌರೀಶಂಕರರು ಆಚೀಚೆ ನೋಡಿ ಕಾರಿನ ಡಿಕ್ಕಿ ತೆಗೆದರು. ಒಳಗೆ ಫಾರಿನ್ ಗಾಳದ ಕೋಲುಗಳು, ಹೊಳೆಯುವ ರೀಲುಗಳು, ಮಡಚುವ ಕುರ್ಚಿ.

"ಭಾನುವಾರ ಭಾನುವಾರ ಉತ್ತರಹಳ್ಳಿ ಭಜನೆಗೆ ಹೋಗ್ತೀನಿ ಅಂತ ಮನೇಲಿ ಹೇಳಿದೀನಿ," ಎಂದರು ಪಿಸುದನಿಯಲ್ಲಿ. "ವರ್ಷದಿಂದ ಆ ಕಾಟ್ಲಾಗೆ ಕಾಯ್ತಿದೀನಿ ಕಣ್ರೀ. ಯಾವನೋ ಶನಿವಾರಾನೇ ಬಂದು ಹಿಟ್ಟು ಸುರಿದು ಅದರ ಹೊಟ್ಟೆ ತುಂಬಿಸಿಬಿಡ್ತಾನೆ ಅಂತ ವೇಣು ಹೇಳ್ತಿದ್ದ. ಹೆಸರು ಕೇಳಿದ್ರೆ ಬಾಯಿ ಬಿಡ್ಲಿಲ್ಲ. ನಿಮ್ಮನೆಯೋರು ಗೊಟ್ಟಿಗೆರೆ ಅಂದಾಗ್ಲೇ ನಂಗೆ ಗೊತ್ತಾಯ್ತು."

ರಾಮಪ್ರಸಾದರು ಕಾರಿಗೆ ಒರಗಿದರು. "ಅದಕ್ಕೇ ಆಣೆ ಮಾಡಿಸಿದ್ರಾ?"

"ಮತ್ತಿನ್ನೇನು? ನಾಳೆ ಬೆಳಗ್ಗೆ ರೆಡಿ ಇರಿ. ಸಮಿತಿ ಅಧ್ಯಕ್ಷರು ನೀವು, ಗೇಟಿನ ಹತ್ರ ಕಾವಲು ಕೂತಿದ್ರೆ ಯಾರಿಗೂ ಅನುಮಾನ ಬರಲ್ಲ. ಹಿಟ್ಟು ಮಾತ್ರ ನೀವೇ ಕಲ್ಸಿ ತನ್ನಿ, ನಿಮ್ಮ ಕೈಗುಣ ಚೆನ್ನಾಗಿದೆ."

ರಾಮಪ್ರಸಾದರು ಒಂದು ರೀಲನ್ನು ಆಸೆಯಿಂದ ಸವರಿದರು. "ಸಾರ್, ಯಾರೂ ಇಲ್ದಾಗ ಒಂದೇ ಒಂದ್ಸಲ ನಾನೂ ಎಸೀಲಾ?"

ಗೌರೀಶಂಕರರು ಪಟ್ಟನೆ ಅವರ ಕೈ ಸರಿಸಿ ಡಿಕ್ಕಿ ಮುಚ್ಚಿದರು. ಹಣೆಯ ವಿಭೂತಿ ಗಂಟಿಕ್ಕಿತು.

"ಛೆ ಛೆ! ಏನ್ ಮಾತು ಅಂತ ಆಡ್ತೀರಿ? ದೇವರ ಮೇಲೆ ಆಣೆ ಮಾಡಿದೀರಿ. ಆಣೆ ತಪ್ಪೋದನ್ನ ನನ್ನಂಥ ಆಸ್ತಿಕ ಕಣ್ಣಾರೆ ನೋಡ್ಕೊಂಡು ಸುಮ್ನಿರೋಕಾಗುತ್ತೇನ್ರೀ?"