ಮುದ್ದೆ ಸೀಮೆಯಲ್ಲಿ ಗೋಧಿ ಬಿಟ್ಟವನು

ಗೋಧಿ ತಿನ್ನಬಾರದವನಿಗೆ ರಾಗಿ ಬೆಳೆಯುವ ಸೀಮೆಗಿಂತ ಕ್ಷೇಮವಾದ ಜಾಗ ಇನ್ನೊಂದಿಲ್ಲ ಎಂದು ನನ್ನ ಡಾಕ್ಟರು ಹೇಳಿದ್ದರು. ಅವರು ಈ ಕಡೆ ಯಾರ ಮನೆಗೂ ಊಟಕ್ಕೆ ಹೋದವರಲ್ಲ. ನಾನು ದಿನಾ ಹೋಗುತ್ತೇನೆ, ಹಾಗಾಗಿ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ನನ್ನ ಕೆಲಸ ಹಳ್ಳಿಗಳ ಶುದ್ಧ ನೀರಿನ ಘಟಕ ರಿಪೇರಿ ಮಾಡುವುದು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ, ನಾಲ್ಕೂ ತಾಲ್ಲೂಕು ನನ್ನ ಬೈಕಿನ ಪಾಲಿಗೆ ಬಂದಿವೆ. ಇಲ್ಲಿನ ಬೋರ್‌ವೆಲ್ ನೀರನ್ನು ಹಾಗೇ ಕುಡಿದರೆ ಹಲ್ಲು ಹಳದಿಯಾಗಿ ಮಂಡಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಘಟಕ ಕೆಟ್ಟರೆ ಊರಿಗೆ ಊರೇ ನನ್ನ ದಾರಿ ಕಾಯುತ್ತದೆ. ಇತ್ತ ನನ್ನ ಹೊಟ್ಟೆಗೆ ಒಂದು ತುತ್ತು ಗೋಧಿ ಬಿದ್ದರೆ ನಾನು ಮೂರು ದಿನ ಮಲಗುತ್ತೇನೆ. ನನ್ನ ಜೊತೆ ಆ ಘಟಕವೂ ಮಲಗಿರುತ್ತದೆ.

ಯಾವುದರ ರವೆ?

ಮಧುಗಿರಿಯ ಒಂದು ಹೋಟೆಲಿನಲ್ಲಿ ಬೆಳಿಗ್ಗೆ ಗಲ್ಲಾದ ಮೇಲಿದ್ದ ಮಾಲೀಕರನ್ನು ಕೇಳಿದೆ, "ಗೋಧಿ ಇಲ್ಲದ್ದು ಏನಿದೆ?"

"ಉಪ್ಪಿಟ್ಟು ಐತೆ ಸಾರ್, ಬಿಸಿ ಬಿಸಿ."

"ರವೆ ಗೋಧಿಯಿಂದಲೇ ಅಲ್ವಾ ಮಾಡೋದು?"

ಅವರು ನನ್ನನ್ನು ಮರುಕದಿಂದ ನೋಡಿದರು. "ಗೋಧಿ ಅಂದ್ರೆ ಚಪಾತಿ ಸಾರ್. ರವೆ ಅಂದ್ರೆ ರವೆ."

ನಾನು ಒಪ್ಪಲಿಲ್ಲ. ಅವರಿಗೂ ಸ್ವಲ್ಪ ಅನುಮಾನ ಬಂತು. ಅಡಿಗೆಮನೆಯ ಕಡೆ ತಿರುಗಿ ಭಟ್ಟರಿಗೆ ಕೂಗಿದರು, "ನಾವು ತರ್ಸೋ ರವೆ ಯಾವುದ್ರದ್ದು?"

ಒಳಗಿನಿಂದ ಗಟ್ಟಿಯಾಗಿ ಉತ್ತರ ಬಂತು, "ಪ್ಯಾಕೆಟ್‌ದು!"

ಮಾಲೀಕರು ಗೆದ್ದವರಂತೆ ನನ್ನ ಕಡೆ ತಿರುಗಿದರು. "ನಾನ್ ಹೇಳ್ಲಿಲ್ವಾ?"

ಬರಗೂರಿನ ಬೆಳ್ಳಗಿನ ಮುದ್ದೆ

ಬರಗೂರಿನ ಒಂದು ಮನೆಯಲ್ಲಿ ಮಧ್ಯಾಹ್ನ ಎಲ್ಲರೂ ಮುದ್ದೆಗೆ ಕೂತಿದ್ದರು. ನನ್ನ ತಟ್ಟೆಗೆ ಮಾತ್ರ ಚಪಾತಿ ಬಂತು. ನನಗೂ ಮುದ್ದೆಯೇ ಸಾಕು ಎಂದೆ. ಮನೆಯಾಕೆ ಮುದ್ದೆಯ ತಪ್ಪಲೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದರು.

"ಅಯ್ಯೋ, ಬಂದೋರಿಗೆ ಮುದ್ದೆ ಇಕ್ಕಿದ್ರೆ ಊರೋರು ಏನಂತಾರೆ?"

ನನಗೆ ಗೋಧಿ ಆಗುವುದಿಲ್ಲ, ಹೊಟ್ಟೆ ಕೆಡುತ್ತದೆ ಎಂದು ಬಿಡಿಸಿ ಹೇಳಿದೆ. ಅರ್ಥವಾಯಿತು ಎಂಬಂತೆ ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ನನಗೇ ಅಂತ ಬೇರೆ ಮುದ್ದೆ ತಿರುವಿ ತಂದಿಟ್ಟರು. ಬಸ್ಸಾರಿನಲ್ಲಿ ಅದ್ದಿ ಎರಡು ತುತ್ತು ನುಂಗಿದೆ. ಬಹಳ ಮೃದುವಾಗಿತ್ತು. ಬಣ್ಣ ಯಾಕೋ ಬೆಳ್ಳಗಿದೆಯಲ್ಲ ಎಂದೆ.

"ಕರ್ರಗಿದ್ರೆ ನಿಮ್ಗೆ ಚೆಂದ ಕಾಣಲ್ಲ ಅಂತ ಎರಡು ಹಿಡಿ ಗೋಧಿಹಿಟ್ಟು ಬೆರೆಸ್ಬುಟ್ಟೆ ಕಣಣ್ಣ," ಎಂದರು ಆಕೆ, ಪ್ರೀತಿಯಿಂದ.

ಮುದ್ದೆಯನ್ನು ಅಗಿದು ತಿನ್ನುವಂತಿದ್ದರೆ ಉಗಿಯುವುದಕ್ಕಾದರೂ ಅವಕಾಶ ಇರುತ್ತಿತ್ತು. ಮೂರು ದಿನ ಮಲಗಿದೆ. ನಾಲ್ಕನೇ ದಿನ ಹೋದಾಗ ಅದೇ ಆಕೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದರು, "ನಾನ್ ಬಡ್ಕಂಡೆ, ಚಪಾತಿ ತಿನ್ನಿ ಅಂತ. ಮುದ್ದೆ ಅರಗಿಸ್ಕೊಳೋ ಮೈಯಾ ಅದು?"

ದಮ್

ಶಿರಾದಲ್ಲಿ ಬಿರಿಯಾನಿಯೇ ಸರಿ ಎಂದು ತೀರ್ಮಾನಿಸಿದೆ. ಅಂಗಡಿಯ ಭಾಯ್ ಭರವಸೆ ಕೊಟ್ಟರು. "ಗೋಧಿ? ತೋಬಾ ತೋಬಾ! ಅಕ್ಕಿ, ಮಟನ್, ಮಸಾಲೆ, ಬಸ್."

ಹಂಡೆ ಬಂತು. ಮುಚ್ಚಳದ ಸುತ್ತ ಮೆತ್ತಿದ್ದ ಹಿಟ್ಟಿನ ಪಟ್ಟಿಯನ್ನು ಅವರು ಚಾಕುವಿನಿಂದ ಬಿಡಿಸಿದರು. ಚೂರುಗಳು ಒಳಗೆ ಉದುರಿದವು.

"ಭಾಯ್, ಅದು ಮೈದಾ ಅಲ್ವಾ? ಅದೂ ಗೋಧಿದೇ."

"ಹೌದು ಸಾಬ್, ದಮ್ ಹೊರಗೆ ಹೋಗ್ಬಾರ್ದಲ್ಲ. ಆದ್ರೆ ಅದು ಮುಚ್ಚಳಕ್ಕೆ ಸಾಬ್, ನಿಮ್ಗಲ್ಲ."

ಆ ದಿನ ಬಾಳೆಹಣ್ಣು ತಿಂದೆ. ಪರಿಮಳ ಮಾತ್ರ ಬಿರಿಯಾನಿಯದು.

ಹರಕೆ

ಕೊರಟಗೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಸತ್ಯನಾರಾಯಣ ಪೂಜೆಯ ರವೆ ಸಜ್ಜಿಗೆ ಬೇಡ ಎಂದುಬಿಟ್ಟೆ. ಪ್ರಸಾದ ಬೇಡ ಅನ್ನುವವನ ಕೈಯಲ್ಲಿ ನೀರಿನ ಘಟಕ ಬಿಚ್ಚಿಸುವುದೋ ಬೇಡವೋ ಎಂದು ಹಿರಿಯರು ಯೋಚಿಸತೊಡಗಿದರು. ಆ ಊರಿನಲ್ಲಿ ನೀರು ಬಿಡುವ ನೀರುಗಂಟಿ ನನ್ನನ್ನು ಪಕ್ಕಕ್ಕೆ ಕರೆದ.

"ಸಾರ್, ಕಾಯ್ಲೆ ಅಂದ್ರೆ ಯಾರೂ ಕೇಳಲ್ಲ, ಒಬ್ಬೊಬ್ರು ಒಂದೊಂದು ಔಸ್ದಿ ಹೇಳ್ತಾರೆ. ಹರಕೆ ಅನ್ನಿ. ಬಾಯಿ ಮುಚ್ಕತಾರೆ."

ಮುಂದಿನ ಮನೆಯಲ್ಲೇ ಪರೀಕ್ಷಿಸಿದೆ. "ಗೋಧಿ ಬಿಟ್ಟಿದೀನಿ ಕಣಮ್ಮ, ಹರಕೆ," ಎಂದೆ. ಚಪಾತಿ ಲಟ್ಟಿಸುತ್ತಿದ್ದಾಕೆ ಲಟ್ಟಣಿಗೆ ಕೆಳಗಿಟ್ಟು ಕೈಮುಗಿದರು. ಹತ್ತು ನಿಮಿಷದಲ್ಲಿ ಅಪ್ಪಟ ರಾಗಿಮುದ್ದೆ ಬಂತು. ಸುಳ್ಳು ಹೇಳಿದ್ದಕ್ಕೆ ನನಗೆ ನಿಜವಾಗಿಯೂ ನಾಚಿಕೆಯಾಯಿತು, ಊಟ ಮುಗಿದ ಮೇಲೆ.

ಹೊರಡುವಾಗ ಆಕೆ ಗಂಡನಿಗೆ ಹೇಳುವುದು ಕೇಳಿಸಿತು, "ನೋಡು, ಅವ್ರು ದೇವ್ರಿಗೋಸ್ಕರ ಚಪಾತಿ ಬುಟ್ಟವ್ರೆ. ನಿನ್ ಕೈಲಿ ಒಂದು ಬೀಡಿ ಬುಡಕ್ಕಾಗ್ಲಿಲ್ಲ."

ಹರಕೆ ತೀರಿದ ದಿನ

ಹರಕೆಗೆ ಒಂದು ಕೊನೆ ಇರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಪಾವಗಡದಾಚೆ ಕ್ಯಾತಗಾನಚೆರ್ಲುವಿನಲ್ಲಿ ಅದು ತಿಳಿಯಿತು. ಸೋಲಾರ್ ಪ್ಲೇಟುಗಳ ನಡುವಿನ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಹೋಗಿ ಘಟಕ ಬಿಚ್ಚಿ ಕೂತಿದ್ದೆ. ಊರಿನ ಹಿರಿಯಮ್ಮ ಒಬ್ಬರು ಊಟದ ವಿಷಯಕ್ಕೆ ಬಂದರು. ನಾನು ಹರಕೆ ಎಂದೆ.

"ಎಷ್ಟು ದಿನದ ಹರಕೆ ನಾಯನಾ?"

ಕೈ ಮೋಟಾರಿನೊಳಗಿತ್ತು, ಬಾಯಿಗೆ ಬಂದದ್ದು ಹೇಳಿದೆ. "ನಿಮ್ಮೂರಲ್ಲಿ ನೀರು ಬರೋವರೆಗೂ ಅಮ್ಮ."

ಹಿರಿಯಮ್ಮನ ಕಣ್ಣಲ್ಲಿ ನೀರು ಬಂತು. ಘಟಕದಲ್ಲಿ ಬರಲು ಇನ್ನೂ ಎಂಟು ದಿನ ಬೇಕಾಯಿತು. ಎಂಟು ದಿನವೂ ನನಗೆ ಮುದ್ದೆ, ಹುರುಳಿ ಸಾರು. ನನ್ನ ಹೊಟ್ಟೆ ಅಷ್ಟು ಸುಖವಾಗಿ ಎಂದೂ ಇದ್ದದ್ದಿಲ್ಲ.

ಒಂಬತ್ತನೇ ದಿನ ನಲ್ಲಿಯಲ್ಲಿ ನೀರು ಬಂತು. ಕೊಡ ಹಿಡಿದ ಹೆಂಗಸರ ಸಾಲಿನ ಮುಂದೆ ಹಿರಿಯಮ್ಮ ಒಂದು ಪುಟ್ಟಿ ಹೋಳಿಗೆ ಹೊತ್ತು ನಿಂತಿದ್ದರು. ತುಪ್ಪ ಸುರಿದ ಮೊದಲನೆಯದನ್ನು ತಾವೇ ಮುರಿದು ನನ್ನ ಬಾಯಿಯ ಹತ್ತಿರ ತಂದರು.

"ತಿನು ನಾಯನಾ, ಹರಕೆ ತೀರ್ತು. ನಮ್ಗೋಸ್ಕರ ಬಾಯಿ ಕಟ್ಟಿದ್ದೆ."

ಊರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ತಿಂದರೆ ಮೂರು ದಿನ ಹಾಸಿಗೆ, ನಿಜ ಹೇಳಿದರೆ ಆ ಹಿರಿಯ ಜೀವದ ಕಣ್ಣೀರಿಗೆ ಅವಮಾನ. ಎರಡಕ್ಕೂ ಧೈರ್ಯ ಸಾಲದೆ, "ಗ್ರೀಸಾಗಿದೆ, ಕೈ ತೊಳ್ಕೊಂಡು ಬರ್ತೀನಿ, ತುತ್ತು ಹಾಗೇ ಹಿಡಿದಿರಿ," ಎಂದು ಘಟಕದೊಳಗೆ ಹೋಗಿ ವಾಲ್ವ್ ತಿರುಗಿಸಿಬಿಟ್ಟೆ. ಬೇಕೆಂದೇ ನಾನು ನೀರು ನಿಲ್ಲಿಸಿದ್ದು ಅದೊಂದೇ ಸಲ.

ಹೊರಗೆ ತೆಲುಗಿನಲ್ಲೂ ಕನ್ನಡದಲ್ಲೂ ಕೂಗೆದ್ದಿತು, "ನೀಳ್ಳು ಆಗಿಪೋಯಾಯಿ! ನೀರು ನಿಂತೋಯ್ತು!"

ಹಿರಿಯಮ್ಮ ಕೈಯಲ್ಲಿದ್ದ ತುತ್ತನ್ನು ನೋಡಿದರು, ನಲ್ಲಿಯನ್ನು ನೋಡಿದರು. ನಿಧಾನವಾಗಿ ತುತ್ತನ್ನು ಪುಟ್ಟಿಗೆ ವಾಪಸ್ ಹಾಕಿದರು. ಕಿಟಕಿಯಿಂದ ಅದನ್ನು ನೋಡಿದ ನಾನು ವಾಲ್ವ್ ಬಿಚ್ಚಿದೆ. ನೀರು ಭೋರ್ ಎಂದು ಸುರಿಯಿತು.

ಹೆಂಗಸರು ಕೊಡಗಳನ್ನು ಮತ್ತೆ ನಲ್ಲಿಗೆ ಒಡ್ಡಿದರು. ಆಮೇಲೆ ಹಿರಿಯಮ್ಮ ಎರಡೂ ಕೈಯಿಂದ ತಮ್ಮ ಕೆನ್ನೆ ಬಡಿದುಕೊಂಡು ತೀರ್ಪು ಕೊಟ್ಟರು, "ದೇವ್ರು ಒಪ್ತಿಲ್ಲ. ಈ ಹರಕೆ ಬುಡಂಗಿಲ್ಲ ನಾಯನಾ, ಬದುಕಿರೋಗಂಟ."

ಬದುಕಿರುವತನಕ ಗೋಧಿ ತಿನ್ನಬೇಡಿ ಎಂದೇ ಡಾಕ್ಟರೂ ಹೇಳಿದ್ದು. ಅವರ ಮಾತಿಗೆ ಇಷ್ಟು ಕಾವಲು ಇರಲಿಲ್ಲ. ಮೊನ್ನೆ ಪಾವಗಡ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ಹೇಳಿ ಕೂತಿದ್ದೆ. ಸಪ್ಲೈಯರ್ ಮರೆತು ನನ್ನ ಮುಂದೆ ಪೂರಿ ಇಟ್ಟ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಟೇಬಲ್ಲಿನಿಂದ ಪರಿಚಯವಿಲ್ಲದ ಒಬ್ಬ ಹಾರಿಬಂದು ತಟ್ಟೆ ಕಿತ್ತುಕೊಂಡ.

"ಲೇ, ಇವ್ರಿಗೆ ಪೂರಿ ಇಕ್ಬೇಡ್ರೋ! ನಮ್ಮೂರ ನೀರು ನಿಂತೋಯ್ತದೆ!" ಎಂದು ಹೋಟೆಲಿಗೆಲ್ಲ ಕೇಳುವಂತೆ ಕೂಗಿದವನೇ, ಊರಿನ ಹಿತಕ್ಕಾಗಿ ಆ ನಾಲ್ಕೂ ಪೂರಿಗಳನ್ನು ತಾನೇ ತಿಂದು ಮುಗಿಸಿದ.