ಪ್ಲಾಸ್ಟಿಕ್ ಕೋಟೆಯ ಸೊಟ್ಟ ತೆಗೆದದ್ದು

ಗದಗ ಬಿಟ್ಟು ಪುಣೆಗೆ ಬಂದು ನಲವತ್ತು ವರ್ಷವಾಯಿತು. ಮನೆಯಲ್ಲಿ ಏನೇ ಸೊಟ್ಟಗಾಗಲಿ, ಅದು ನನ್ನ ಮುಂದೆಯೇ ಬಂದು ಬೀಳುತ್ತದೆ. ನಾನು ಕೈ ಹಾಕಿದ ಮೇಲೆ ಇನ್ನಷ್ಟು ಸೊಟ್ಟಗಾಗುತ್ತದೆ. ಹೋದ ದೀಪಾವಳಿಯಲ್ಲಂತೂ ಕೇಳಬೇಡಿ.

ಇಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುತ್ತಾರೆ. ಧನಕವಡಿಯ ನಮ್ಮ ಸೊಸೈಟಿಯಲ್ಲಿ ಅದಕ್ಕೊಂದು ಸ್ಪರ್ಧೆಯೂ ಇದೆ. ಹತ್ತು ವರ್ಷದ ಮೊಮ್ಮಗಳು ಈ ಸಲ ಮಣ್ಣು ಬೇಡ, ಆಟದ ಪ್ಲಾಸ್ಟಿಕ್ ಇಟ್ಟಿಗೆಗಳಲ್ಲೇ ಕಟ್ಟುತ್ತೇನೆ ಎಂದಳು. ಆದರೆ ಅವುಗಳ ಡಬ್ಬಿ ಬೇಸಿಗೆಯಿಡೀ ಬಾಲ್ಕನಿಯ ಬಿಸಿಲು ಕುಡಿದಿತ್ತು. ಗೋಡೆಯ ಪಟ್ಟಿಗಳು, ಕೋಟೆ ನಿಲ್ಲಬೇಕಾದ ದೊಡ್ಡ ಹಲಗೆ, ಎಲ್ಲವೂ ಬಾಗಿದ್ದವು. ಎದುರು ಬಿಲ್ಡಿಂಗಿನ ಹುಡುಗರು, ಶತ್ರು ಬರುವ ಮೊದಲೇ ನಿನ್ನ ಕೋಟೆ ಬೀಳುತ್ತದೆ ಎಂದು ಹಂಗಿಸಿದರಂತೆ.

"ಕೋಟೆ ಅಲುಗಾಡಬಾರದು ಅಜ್ಜಿ, ಅಷ್ಟ ಸಾಕು" ಎಂದು ಮೊಮ್ಮಗಳು ಕಣ್ಣು ತುಂಬಿಕೊಂಡಳು.

ಇಡ್ಲಿ ಪಾತ್ರೆ

"ಬಿಸಿನೀರಾಗ ಹಾಕಿದ್ರ ಮೆತ್ತಗಾಗ್ತಾವಂತ, ಆಮ್ಯಾಲೆ ಒತ್ತಿಟ್ರ ನೆಟ್ಟಗಾಗ್ತಾವಂತ" ಎಂದು ಅವಳು ಮೊಬೈಲು ನೋಡಿ ಹೇಳಿದಳು.

ಮೊಬೈಲಿಗೇನು ಗೊತ್ತು? ನೀರಿಗಿಂತ ಹಬೆ ನಾಜೂಕು. ನಾಲ್ಕು ಪಟ್ಟಿಗಳನ್ನು ಇಡ್ಲಿ ತಟ್ಟೆಯ ನಾಲ್ಕು ಕುಳಿಗಳಲ್ಲಿಟ್ಟೆ. ಒತ್ತುವ ಕೆಲಸವೂ ಜೊತೆಗೇ ಮುಗಿಯಲೆಂದು ಒಂದೊಂದರ ಮೇಲೂ ಹಿತ್ತಾಳೆಯ ಬಟ್ಟಲು ಕೂರಿಸಿ ಮುಚ್ಚಿದೆ.

ಮುಚ್ಚಳ ತೆಗೆದರೆ ನಾಲ್ಕೂ ಕುಳಿಯ ಆಕಾರಕ್ಕೆ ದುಂಡಗೆ ಬಾಗಿ ಕೂತಿದ್ದವು. ಮೊಮ್ಮಗಳು ಒಂದನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

"ಅಜ್ಜಿ, ಚಟ್ನಿ ಎಲ್ಲಿ?"

ಭಾರ

ಆಮೇಲೆ ಮೊಬೈಲಿನ ಮಾತನ್ನೇ ಕೇಳಿದೆವು. ಪಟ್ಟಿಗಳು ದಪ್ಪ ಪುಸ್ತಕಗಳ ಕೆಳಗೆ ನೆಟ್ಟಗಾದವು. ದೊಡ್ಡ ಹಲಗೆಯನ್ನು ಬಿಸಿನೀರಿನಿಂದ ತೆಗೆದು ನೆಲಕ್ಕೆ ಹಾಸಿ, ಮೇಲೆ ಊಟದ ಮಣೆ ಇಟ್ಟೆ. ಅದರ ಮೇಲೆ ಹೇರಲು ಭಾರದ್ದೇನಿದೆ ಎಂದು ಹುಡುಕುತ್ತಿದ್ದಾಗಲೇ ನಮ್ಮ ಯಜಮಾನರು ಪೇಪರ್ ಹಿಡಿದು ಒಳಗೆ ಬಂದರು.

"ಅರ್ಧ ತಾಸು ಇದರ ಮ್ಯಾಲೆ ಕೂಡ್ರಿ. ಅಲುಗಾಡಬ್ಯಾಡ್ರಿ."

ಕೂತರು. ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಕಾಕೂ ಚಕ್ಕುಲಿ ತಂದರು. ಯಾರೇ ಬಂದರೂ ಎದ್ದು ನಿಂತು ಮಾತಾಡಿಸುವ ಇವರು ಕುಂತಲ್ಲೇ ಕೈ ಮುಗಿದು, "ಏಳಬಾರದೆಂದು ಇವಳ ಹುಕುಂ" ಎಂದು ಮರಾಠಿಯಲ್ಲಿ ಹೇಳಿದರು.

ಕಾಕೂ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು: "ಹೇಗೆ ಸಾಧಿಸಿದಿರಿ? ನನಗೂ ಹೇಳಿಕೊಡಿ."

ಯಾವುದು ಸೊಟ್ಟ

ಕೋಟೆ ಎದ್ದಿತು. ನಮ್ಮ ಊಟದ ಟೇಬಲ್ಲಿನ ಮೇಲಿಟ್ಟು ನೋಡಿದರೆ ಟಕಟಕ ಅಲುಗಾಡಿತು. ಮತ್ತೆ ಬಿಚ್ಚು, ಮತ್ತೆ ಬಿಸಿನೀರು, ಮತ್ತೆ ಯಜಮಾನರು. ಹೀಗೆ ಮೂರು ಸಲ. ಮೂರು ಸಲವೂ ಟಕಟಕ.

ಆ ಟೇಬಲ್ಲೆಂದರೆ ಯಜಮಾನರಿಗೆ ಭಾಳ ಹೆಮ್ಮೆ. ಬಡಿಗನ ತಲೆಯ ಮೇಲೆ ನಿಂತು, ದಾರ ಹಿಡಿದು ಮಾಡಿಸಿದ್ದು.

"ನಿನ್ನ ಕೆಲಸನ ಸೊಟ್ಟ. ನೆಟ್ಟಗ ಅಂದ್ರೇನು ಅಂತ ನನ್ನ ಟೇಬಲ್ ನೋಡಿ ಕಲಿ" ಎಂದರು ನನಗೆ.

ಸ್ಪರ್ಧೆಯ ದಿನ ಅಳುಮುಖದಲ್ಲೇ ಕೋಟೆಯನ್ನು ಕೆಳಗೆ ಒಯ್ದು ಪಾರ್ಕಿಂಗಿನ ಕಲ್ಲುಹಾಸಿನ ಮೇಲಿಟ್ಟೆವು. ನೋಡಲು ಬಂದ ಸೆಕ್ರೆಟರಿ ಬೆರಳಿನಿಂದ ಒತ್ತಿದರು. ಅಲುಗಾಡಲಿಲ್ಲ. ಎದುರು ಬಿಲ್ಡಿಂಗಿನ ಹುಡುಗರು ನಾಲ್ಕೂ ಮೂಲೆ ಒತ್ತಿದರು. ಜಪ್ಪಯ್ಯ ಅನ್ನಲಿಲ್ಲ!

ಮೊಮ್ಮಗಳು ನನ್ನ ಮುಖ ನೋಡಿದಳು. ಸರಸರ ಮೇಲೆ ಓಡಿ ಟೇಬಲ್ಲಿನ ಮೇಲೆ ಸ್ಟೀಲಿನ ಉದ್ದ ಪಟ್ಟಿ ಅಡ್ಡ ಇಟ್ಟಳು. ಟೇಬಲ್ಲಿನ ನಟ್ಟನಡುವೆ ಉಬ್ಬಿತ್ತು; ಪಟ್ಟಿಯ ತುದಿಯ ಕೆಳಗೆ ಅವಳ ಕಿರುಬೆರಳು ಆರಾಮಾಗಿ ತೂರಿತು.

"ಅಜ್ಜಾ, ಸೊಟ್ಟ ಇದ್ದದ್ದು ನಿನ್ನ ಟೇಬಲ್!"

ಮರುದಿನ ಬೆಳಿಗ್ಗೆ ನಾನು ಚಹಾ ಇಡಲು ಎದ್ದು ಬಂದರೆ, ಯಜಮಾನರು ಪೇಪರ್ ಹಿಡಿದುಕೊಂಡು ಊಟದ ಟೇಬಲ್ಲಿನ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು.

"ಚಹಾ ಇಲ್ಲೇ ಕೊಡು" ಎಂದರು. "ಇನ್ನೂ ಅರ್ಧ ತಾಸು ಆಗಿಲ್ಲ."