ನಮ್ಮಪ್ಪನನ್ನು ಗುಂಪಿನಲ್ಲಿ ಸಾಯಿಸಿದ ಅಡ್ಮಿನ್ ಸಾಹೇಬರಿಗೆ

ಮಾನ್ಯ ಶಿವಪುತ್ರಪ್ಪನವರೇ,

‘ಎಂಬತ್ಮೂರರ ಚಿರಯುವಕರು’ ಎಂಬ ವಾಟ್ಸ್‌ಆ್ಯಪ್ ಗುಂಪಿನ ಸ್ಥಾಪಕರೂ ಏಕಮೇವ ಅಡ್ಮಿನ್ನರೂ ಆದ ತಮಗೆ, ತಾವು ದಿನಾ ನಸುಕಿನಲ್ಲಿ ಎಲ್ಲರಿಗೂ ಕಳಿಸುವ ಗುಲಾಬಿ, ಸೂರ್ಯ, ಹಬೆಯಾಡುವ ಚಹಾದ ಕಪ್ಪುಗಳನ್ನು ಅಷ್ಟೇ ಭಕ್ತಿಯಿಂದ ಹಿಂದಿರುಗಿಸುತ್ತ, ತಮ್ಮ ಬಿ.ಕಾಂ. ಸಹಪಾಠಿ ಗೂಳಪ್ಪನವರ ಮಗಳು ಸ್ನೇಹಲ್ ಪುಣೆಯ ಧನಕವಡಿಯಿಂದ ಮಾಡುವ ನಮಸ್ಕಾರಗಳು. ನಮ್ಮಪ್ಪ ಕ್ಷೇಮ. ಈ ಮಾತನ್ನು ಎಲ್ಲರೂ ರೂಢಿಗೆಂದು ಬರೆಯುತ್ತಾರೆ. ನಾನು ತಿದ್ದುಪಡಿಯೆಂದು ಬರೆಯುತ್ತಿದ್ದೇನೆ.

ಹೋದ ತಿಂಗಳು ಕಾತ್ರಜದ ಮಂಗಲ ಕಾರ್ಯಾಲಯದಲ್ಲಿ ತಮ್ಮ ಪುನರ್ಮಿಲನ ನಡೆದಾಗ ಎಲ್ಲರಿಗೂ ಹಾರ ಹಾಕಿ, ಒಬ್ಬೊಬ್ಬರದೇ ಫೋಟೋ ತೆಗೆಸಿ, ದಿನಕ್ಕೊಂದರಂತೆ ಗುಂಪಿಗೆ ಹಾಕುವ ಘನ ಯೋಜನೆ ಮಾಡಿದಿರಿ. ಸೋಮವಾರ ನಮ್ಮಪ್ಪನ ಸರದಿ. ಕೊರಳಲ್ಲಿ ಹಾರ, ಫ್ಲ್ಯಾಶಿಗೆ ಅರ್ಧ ಮುಚ್ಚಿದ ಕಣ್ಣು, ಕೆಳಗೆ ಬರೀ ಹೆಸರು. ಶಿರೂರಿನ ಅವಧೂತ ಕಾಕಾ ತಕ್ಷಣ ‘ಓಂ ಶಾಂತಿ’ ಎಂದರು, ಉಳಿದವರು ಅವರ ಹಿಂದೆ ಸಾಲುಗಟ್ಟಿದರು. ಅವರನ್ನು ದೂರುವುದಿಲ್ಲ, ಕನ್ನಡಕ ಎಲ್ಲರಿಗೂ ಹತ್ತಿರ ಇರುವುದಿಲ್ಲ. ಆದರೆ ಫೋಟೋ ಹಾಕಿದ ತಾವೇ, ಇಷ್ಟು ಮಂದಿ ಹೇಳುವುದು ಸುಳ್ಳಾಗಲಾರದೆಂದು ನಂಬಿ, ಕಡೆಗೆ ತಾವೂ ‘ಓಂ ಶಾಂತಿ’ ಬರೆದಿರಲ್ಲ, ಬಹುಮತಕ್ಕೆ ಇಷ್ಟು ತಲೆಬಾಗುವ ನಾಯಕರು ಈ ದೇಶಕ್ಕೆ ಇನ್ನೆಲ್ಲಿ ಸಿಕ್ಕಾರು?

ಆ ಹೊತ್ತಿಗೆ ಅಪ್ಪ ಅವಲಕ್ಕಿ ತಿನ್ನುತ್ತಿದ್ದರು. ಸುದ್ದಿ ತಿಳಿದ ಅವ್ವ, “ಸತ್ತೋರು ಹಿಂಗ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕೂಡೂದಿಲ್ರೀ, ಎದ್ದು ಸಿಲಿಂಡರ್ ಬದಲಿ ಮಾಡ್ರಿ” ಎಂದಳು. ಅಪ್ಪ ಏಳಲಿಲ್ಲ. ತಮ್ಮೆಲ್ಲರ ಸಹಪಾಠಿ ಇಂದೂ ಮೇಡಂ ಗುಂಪಿನಲ್ಲಿ ‘ಎಂಥಾ ದಟ್ಟ ಕೂದಲಿದ್ದವು ಅವರಿಗೆ’ ಎಂದು ಬರೆದದ್ದನ್ನು ಮತ್ತೆ ಮತ್ತೆ ಓದುತ್ತ, “ಇರ್ಲಿ ಬಿಡ್ರಿ, ಇನ್ನೆರಡ ದಿನಾ ಸತ್ತಿರ್ತೀನಿ” ಎಂದರು. ಅಪ್ಪನಿಗೆ ಇಷ್ಟೊಂದು ಸಂತೋಷ ಕೊಟ್ಟ ಮರಣಕ್ಕಾಗಿ ತಮಗೆ ಕುಟುಂಬದ ಪರವಾಗಿ ಕೃತಜ್ಞತೆಗಳು.

ನನ್ನ ತಕರಾರು ಅದಲ್ಲ. ತಾವು ಸಂಜೆ ಹಾಕಿದ ಶ್ರದ್ಧಾಂಜಲಿಯಲ್ಲಿ, ‘ಮೃತರು ಪತ್ನಿ ಸಾವಂತ್ರವ್ವ ಹಾಗೂ ಕಂಪ್ಯೂಟರ್ ಇಂಜಿನಿಯರ್ ಆದ ಮಗಳನ್ನು ಅಗಲಿದ್ದಾರೆ’ ಎಂದಿದೆ. ಸಾಹೇಬರೇ, ನಾನು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ಬಡತನವೂ ಅಡ್ಡ ಬರಲಿಲ್ಲ. ಬೆಂಚಿನ ಮೇಲೆ ಕೂಡಲಾಗಲಿಲ್ಲ, ಬಿಟ್ಟೆ. ಹೆಲ್ಮೆಟ್ ಅಂಗಡಿ, ಕೊರಿಯರ್, ಟ್ರಾವೆಲ್ಸ್ ಆಫೀಸು ಎಲ್ಲವನ್ನೂ ಹಾಗೆಯೇ ಬಿಟ್ಟು, ಈಗ ಒಂದು ಇಂಜಿನಿಯರಿಂಗ್ ಕಾಲೇಜಿನ ಗೇಟಿನೆದುರು ಗಿರ್ಮಿಟ್, ಮಿರ್ಚಿ ಭಜಿಯ ಗಾಡಿ ಹಚ್ಚಿದ್ದೇನೆ. ಇದನ್ನು ಮಾತ್ರ ಬಿಡಬೇಕೆಂದು ಇನ್ನೂ ಅನಿಸಿಲ್ಲ.

ಪುನರ್ಮಿಲನಕ್ಕೆ ನಾನೂ ಬರುತ್ತೇನೆಂದಾಗ ಅಪ್ಪ, “ಬ್ಯಾಡವಾ, ಮುದುಕರ ನಡುವ ನಿನಗ ಬ್ಯಾಸರ ಆಗ್ತದ” ಎಂದಿದ್ದರು. ಯಾಕೆಂದು ಈಗ ತಿಳಿಯಿತು. ಪ್ರತಿಯೊಬ್ಬರೂ ವೇದಿಕೆ ಹತ್ತಿ ಮಕ್ಕಳ ವರದಿ ಒಪ್ಪಿಸಬೇಕೆಂಬುದು ತಮ್ಮ ನಿಯಮ. ಅಪ್ಪನಿಗಿಂತ ಮೊದಲು ಮಾತಾಡಿದ್ದು ಇಂದೂ ಮೇಡಂ, ಅವರ ಮಗ ಹೃದಯತಜ್ಞ. ಪಾಪ, ಅಪ್ಪ ನನಗೆ ಮೈಕಿನ ಮುಂದೆ ನಿಂತಲ್ಲೇ ಪದವಿ ಕೊಡಿಸಿಬಿಟ್ಟರು.

ಈಗ ತಾವು ಭಾನುವಾರ ನಿಯೋಗದೊಂದಿಗೆ ಬಂದು ‘ಇಂಜಿನಿಯರ್ ಮಗಳಿಗೆ’ ಸಾಂತ್ವನ ಹೇಳುವಿರೆಂದು ಘೋಷಿಸಿದ್ದೀರಿ. ಅಪ್ಪ ಹೆದರಿ ನನ್ನೊಂದಿಗೆ ಸಂಧಾನಕ್ಕಿಳಿದರು: “ನೀ ಒಂದ್ ತಾಸು ಇಂಜಿನಿಯರ್ ಆಗವಾ, ನಾ ಒಳಗ ಒಂದ್ ತಾಸು ಸತ್ತಿರ್ತೀನಿ.” ನಾನು, “ಸಾಯೂದು ನಿನ್ನ ಮರ್ಜಿ ಅಪ್ಪಾ, ನಾ ಮಾತ್ರ ಆಗಾಕಿ ಅಲ್ಲ. ನಿನ್ನ ಮಗಳು ಏನ್ ಮಾಡ್ತಾಳಂತ ನೀನ ಹೇಳು” ಎಂದೆ. ಅಂದಿನಿಂದ ಮಾತಿಲ್ಲ.

ಆದ್ದರಿಂದ ತಮ್ಮಲ್ಲಿ ನಮ್ರ ವಿನಂತಿ. ಒಮ್ಮೆ ಹೇಳಿದ ಓಂ ಶಾಂತಿಯನ್ನು ಹಿಂಪಡೆಯಲು ಗುಂಪಿನ ಘನತೆ ಅಡ್ಡಬಂದರೆ, ಅಪ್ಪನನ್ನು ಶುಭೋದಯ ಕಳಿಸುವ ಹಕ್ಕುಳ್ಳ ಗೌರವಾನ್ವಿತ ದಿವಂಗತ ಸದಸ್ಯರೆಂದು ಮುಂದುವರಿಸಿರಿ, ನಮ್ಮ ಅಭ್ಯಂತರವಿಲ್ಲ. ಆದರೆ ಆ ಇಂಜಿನಿಯರ್ ಹುಡುಗಿಯನ್ನು ದಯವಿಟ್ಟು ತೀರಿಸಿಬಿಡಿ. ಅವಳಿಗೂ ಒಂದು ಹಾರ ಹಾಕಿ, ಬೇಕಾದರೆ ಎರಡು ನಿಮಿಷ ಮೌನ ಆಚರಿಸಿರಿ. ಹೂವಿನ ಖರ್ಚು ನನ್ನದು.

ತಮ್ಮ ವಿಶ್ವಾಸಿ, ಇನ್ನೂ ತಂದೆಯುಳ್ಳ,
ಸ್ನೇಹಲ್

ತಾ.ಕ.: ಇದನ್ನು ಗುಂಪಿಗೆ ಹಾಕುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಇಂದು ಅಪ್ಪ ತಾವಾಗಿಯೇ ಗಾಡಿಯ ಹತ್ತಿರ ಬಂದು ಉಳ್ಳಾಗಡ್ಡಿ ಹೆಚ್ಚಿದರು. ಆಮೇಲೆ ಒಬ್ಬ ವಿದ್ಯಾರ್ಥಿಯ ಕೈಗೆ ಫೋನು ಕೊಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡು, ಒಂದೇ ಬೆರಳಲ್ಲಿ ಕುಟ್ಟಿ ತಮ್ಮ ಗುಂಪಿಗೆ ಹಾಕಿದರು: ‘ನಾ ಬದುಕೀನಿ. ಇಕಿ ನನ್ನ ಮಗಳು. ಇಂಜಿನಿಯರ್ ಅಲ್ಲ. ಗಿರ್ಮಿಟ್ ಭಾಳ ಛಲೋ ಮಾಡ್ತಾಳ.’ ತಾವೆಲ್ಲರೂ ನೋಡಿದ್ದೀರೆಂದು ನೀಲಿ ಗುರುತು ಬಂದಿದೆ, ಯಾರೂ ಒಂದಕ್ಷರ ಬರೆದಿಲ್ಲ. ಅಪ್ಪ ಗಿರಾಕಿಗಳ ನಡುವೆ ಫೋನು ತೆಗೆತೆಗೆದು ನೋಡುತ್ತಿದ್ದಾರೆ. ಏನು ಬರೆಯಬೇಕೆಂದು ತೋಚದಿದ್ದರೆ, ಸತ್ತಾಗ ಬರೆದದ್ದರಲ್ಲಿ ಅರ್ಧದಷ್ಟು ಸಾಕು.